ದೂರದ ತಂಡ, ಹತ್ತಿರದ ಹೊಣೆ

ಮನೆಯಿಂದಲೇ ತಂತ್ರಾಂಶ ಪರೀಕ್ಷಣೆಯ ತಂಡವನ್ನು ನಡೆಸುವವರಿಗೂ ಅವರ ಮನೆಯವರಿಗೂ ಕೆಲವು ವಿಚಾರಗಳು

ಕಾಲ ಬದಲಾದಂತೆ ಕಾಯಕದ ರೂಪವೂ ಬದಲಾಗುತ್ತದೆ. ನಮ್ಮ ಹಿರಿಯರಲ್ಲಿ ಒಕ್ಕಲುತನ ಮಾಡಿದವರು ಹೊಲಕ್ಕೆ ಹೋದರು, ವ್ಯಾಪಾರ ಹಿಡಿದವರು ಗಂಜ್‌ನ ಅಡತಿ ಅಂಗಡಿಗೆ ಹೋದರು, ಓದಿ ನೌಕರಿ ಸೇರಿದವರು ಕಚೇರಿಗೆ ಹೋದರು. ಬೆಳಿಗ್ಗೆ ಮನೆ ಬಿಟ್ಟು ಹೋಗುವುದೇ ದುಡಿಮೆಯ ಗುರುತಾಗಿತ್ತು. ಇಂದು ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಗಳಲ್ಲಿ ಎಲ್ಲಿಗೂ ಹೋಗದೆ ದುಡಿಯುವ ಮಕ್ಕಳಿದ್ದಾರೆ. ಮಾಳಿಗೆಯ ಮೇಲಿನ ಕೋಣೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಬೆಂಗಳೂರು, ಪುಣೆ, ಲಂಡನ್, ನ್ಯೂಯಾರ್ಕ್‌ಗಳಲ್ಲಿರುವ ಜೊತೆಗಾರರೊಡನೆ ಅವರು ಕೆಲಸ ಮಾಡುತ್ತಾರೆ. ನೆರೆಯವರು ಮಾತ್ರ ‘ನಿಮ್ಮ ಮಗ ಮನೆಯಲ್ಲೇ ಇದ್ದಾನಲ್ಲ, ನೌಕರಿ ಬಿಟ್ಟನೇನು?’ ಎಂದು ತಾಯಿಯನ್ನು ಕೇಳುತ್ತಾರೆ. ಆ ತಾಯಿಗೆ ಉತ್ತರ ಹೇಳಲು ತಿಳಿಯುವುದಿಲ್ಲ. ಏಕೆಂದರೆ ಮಗ ಮಾಡುವ ಕೆಲಸವೇನೆಂಬುದು ಆಕೆಗೂ ಸ್ಪಷ್ಟವಿಲ್ಲ.

ಇಂತಹ ಕೆಲಸಗಳಲ್ಲಿ ತಂತ್ರಾಂಶ ಪರೀಕ್ಷಣೆಯೂ ಒಂದು. ಅದನ್ನು ಮಾಡುವುದಷ್ಟೇ ಅಲ್ಲ, ದೂರ ದೂರದಲ್ಲಿ ಚದುರಿ ಕುಳಿತ ಐದಾರು ಜನರಿಂದ ಅದನ್ನು ಮಾಡಿಸುವ ನಾಯಕತ್ವವೂ ಇಂದು ಇಂತಹ ಮನೆಗಳಿಗೆ ಬಂದಿದೆ. ಈ ನಾಯಕತ್ವದ ಮರ್ಮವೇನು, ಅದರಲ್ಲಿ ಎಡವಿದರೆ ಆಗುವ ಹಾನಿಯೇನು, ಮನೆಯವರು ಮಾಡಬೇಕಾದುದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕೆಲಸ ಮನೆಗೆ ಬಂದ ಬಗೆ

ದೂರದ ದೇಶದ ಕೆಲಸವನ್ನು ಕರ್ನಾಟಕದಲ್ಲಿ ಕುಳಿತು ಮಾಡುವುದು ಹೊಸದೇನಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಯ ಎಂಜಿನಿಯರುಗಳ ಕೆಲಸ ಅಲ್ಲಿಗೆ ತಲುಪತೊಡಗಿತು. 2000ನೆಯ ಇಸವಿ ಹತ್ತಿರವಾದಾಗ, ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆದಿಟ್ಟಿದ್ದ ಹಳೆಯ ತಂತ್ರಾಂಶಗಳನ್ನು ತಿದ್ದಿ ಪರೀಕ್ಷಿಸುವ ದೊಡ್ಡ ಕೆಲಸ ಭಾರತದ ಪಾಲಿಗೆ ಬಂದಿತು. ಆದರೆ ಆ ಕೆಲಸವೆಲ್ಲ ಮಹಾನಗರಗಳ ಕಟ್ಟಡಗಳಲ್ಲಿಯೇ ನಡೆಯಿತು. 1958ರಿಂದ ನಮ್ಮ ಊರಿನ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಯುತ್ತ ಬಂದ ಮಕ್ಕಳಲ್ಲಿ ಬಹಳಷ್ಟು ಮಂದಿ ನೌಕರಿಗಾಗಿ ರಾತ್ರಿಯ ರೈಲು ಹತ್ತಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗಬೇಕಾಯಿತು.

2020ರ ಮಾರ್ಚ್ ತಿಂಗಳು ಈ ಕ್ರಮವನ್ನು ಮುರಿಯಿತು. ಭಾರತದಲ್ಲಿ ಕೊರೊನಾ ಸೋಂಕಿನ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯವರೊಬ್ಬರದೇ ಎಂಬುದನ್ನು ಈ ಊರು ಮರೆತಿಲ್ಲ. ಅದೇ ತಿಂಗಳ 25ರಿಂದ ದೇಶವೇ ಬಾಗಿಲು ಮುಚ್ಚಿತು. ಮಹಾನಗರಗಳ ಬಾಡಿಗೆ ಕೋಣೆಗಳನ್ನು ಬಿಟ್ಟು ಮಕ್ಕಳು ಹುಟ್ಟಿದ ಮನೆಗೆ ಮರಳಿದರು, ಅವರೊಡನೆ ಕೆಲಸವೂ ಬಂದಿತು. ದೂರದಿಂದ ಸೇವೆ ಒದಗಿಸುವ ಸಂಸ್ಥೆಗಳಿಗಿದ್ದ ಬಿಗಿ ನಿಯಮಗಳನ್ನು ದೂರಸಂಪರ್ಕ ಇಲಾಖೆ ಮೊದಲು ತಾತ್ಕಾಲಿಕವಾಗಿ ಸಡಿಲಿಸಿತು. 2020ರ ನವೆಂಬರಿನ ಹೊಸ ಮಾರ್ಗಸೂಚಿಯಿಂದ ಮನೆಯಿಂದ ಮಾಡುವ ಕೆಲಸಕ್ಕೆ ಶಾಶ್ವತವಾಗಿಯೇ ದಾರಿ ಸುಗಮವಾಯಿತು. ಸೋಂಕು ತಗ್ಗಿದ ಮೇಲೆ ಅನೇಕ ಸಂಸ್ಥೆಗಳು ನೌಕರರನ್ನು ಮರಳಿ ಕರೆಸಿಕೊಂಡವು. ಆದರೂ ವಾರದ ಕೆಲವು ದಿನ ಮನೆಯಿಂದ, ಅಥವಾ ಪೂರ್ಣವಾಗಿ ಮನೆಯಿಂದಲೇ ದುಡಿಯುವ ಪದ್ಧತಿ ಉಳಿದುಕೊಂಡಿದೆ.

ಪರೀಕ್ಷಣೆ ಎಂದರೇನು?

ಬೇಳೆಯನ್ನು ಬೇಯಲಿಡುವ ಮುನ್ನ ಮನೆಯ ಹೆಣ್ಣುಮಗಳು ಅದನ್ನು ಮರದಲ್ಲಿ ಹಾಕಿ ಕೇರುತ್ತಾಳೆ, ಹರಳು ಆರಿಸುತ್ತಾಳೆ. ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳುತ್ತಾಳೆ. ತೊಗರಿಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತ್ರಾಂಶ ಪರೀಕ್ಷಕನ ಕೆಲಸವೂ ಇದೇ. ಬೇರೊಬ್ಬರು ರಚಿಸಿದ ತಂತ್ರಾಂಶ ಜನರ ಕೈಗೆ ಹೋಗುವ ಮುನ್ನ ಅದರ ಹರಳುಗಳನ್ನು ಆರಿಸಿ ತೋರಿಸುವುದು ಅವನ ಕರ್ತವ್ಯ. ಆ ಹರಳಿಗೆ ‘ಬಗ್’ ಎನ್ನುತ್ತಾರೆ, ಅಂದರೆ ದೋಷ.

ಒಂದು ಉದಾಹರಣೆಯನ್ನು ನೋಡೋಣ. ವಿದ್ಯುತ್ ಬಿಲ್ಲಿನ ತಂತ್ರಾಂಶದಲ್ಲಿ 200 ಯೂನಿಟ್‌ವರೆಗೆ ಒಂದು ದರ, ಅದನ್ನು ಮೀರಿದರೆ ಇನ್ನೊಂದು ದರ ಎಂಬ ನಿಯಮವಿದೆಯೆಂದು ಭಾವಿಸಿರಿ. ಅನುಭವವಿಲ್ಲದವನು 50 ಯೂನಿಟ್ ಹಾಕಿ ನೋಡುತ್ತಾನೆ, 300 ಹಾಕಿ ನೋಡುತ್ತಾನೆ, ಎರಡೂ ಸರಿಯೆಂದು ಎದ್ದು ಹೋಗುತ್ತಾನೆ. ಪಳಗಿದ ಪರೀಕ್ಷಕ 199, 200, 201 ಈ ಮೂರನ್ನು ಹಾಕಿ ನೋಡುತ್ತಾನೆ. ‘ವರೆಗೆ’ ಎಂಬ ಮಾತನ್ನು ‘ಒಳಗೆ’ ಎಂದು ರಚನಕಾರ ತಿಳಿದಿದ್ದರೆ ತಪ್ಪು ಸಿಕ್ಕುವುದು ಸರಿಯಾಗಿ 200ರಲ್ಲಿಯೇ. ಹೊಲದ ಜಗಳ ಬದುವಿನಲ್ಲಿ ಹುಟ್ಟುವಂತೆ ತಂತ್ರಾಂಶದ ದೋಷವೂ ಬಹುಮಟ್ಟಿಗೆ ಗಡಿಯಲ್ಲಿಯೇ ಅಡಗಿರುತ್ತದೆ.

ನಮ್ಮ ಬಡಾವಣೆಯ ಹೆಸರೇ ಇನ್ನೊಂದು ಒಳ್ಳೆಯ ಪರೀಕ್ಷೆ. ‘ಜೇವರ್ಗಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಗಣಕಯಂತ್ರಕ್ಕೆ ಅದು ಏಳು ಸಂಕೇತಗಳು: ಜ, ಏತ್ವ, ವ, ರ, ಹಲಂತ, ಗ, ಗುಡಿಸು. ಉಚ್ಚಾರಣೆಯಲ್ಲಿ ರಕಾರ ಮೊದಲು, ಗಕಾರ ಅನಂತರ. ಬರವಣಿಗೆಯಲ್ಲಿ ಅರ್ಕಾವೊತ್ತು ‘ಗಿ’ ಆದ ಮೇಲೆ ಬಂದು ಕೂಡುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸಿದರೆ, ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದ್ದವು. ಹೀಗಾಗಿ ಹಳೆಯ ಕಡತದಲ್ಲಿರುವ ಹೆಸರನ್ನು ಹೊಸ ತಂತ್ರಾಂಶದಲ್ಲಿ ಹುಡುಕಿದರೆ ಸಿಗದೆ ಹೋಗಬಹುದು, ಅರ್ಜಿಯ ಹೆಸರಿನ ಅಂಕಣದಲ್ಲಿ ಕೊನೆಯ ಅಕ್ಷರ ಕತ್ತರಿಸಿ ಹೋಗಬಹುದು. ಬೋಸ್ಟನ್ನಿನಲ್ಲಿ ಕುಳಿತ ರಚನಕಾರನಿಗೆ ಇದು ಹೊಳೆಯುವುದು ಕಷ್ಟ. ಕಲಬುರಗಿಯ ಪರೀಕ್ಷಕಿಗೆ ಅದು ಮೊದಲ ನೋಟಕ್ಕೇ ಕಾಣುತ್ತದೆ. ದೂರದ ತಂಡದಲ್ಲಿ ನಮ್ಮ ಮಕ್ಕಳಿರುವುದು ಕಡಿಮೆ ಸಂಬಳದ ಕಾರಣಕ್ಕೆ ಮಾತ್ರವೆಂದು ತಿಳಿಯಬಾರದು. ಊರಿನ ಅರಿವೂ ಒಂದು ಬಂಡವಾಳವೇ.

ಮಾತು ತಲುಪದಿದ್ದರೆ ಆಗುವ ಹಾನಿ

ಹರಳು ಕಂಡರಷ್ಟೇ ಸಾಲದು, ಕಂಡದ್ದು ಅಡಿಗೆ ಮಾಡುವವರಿಗೆ ತಿಳಿಯಬೇಕು. ದೂರಸ್ಥ ತಂಡಗಳಲ್ಲಿ ಸೋಲು ಬರುವುದು ಬಹುಪಾಲು ಇಲ್ಲಿಯೇ.

ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ಒಂದು ನೌಕೆಯನ್ನು ಕಳುಹಿಸಿತು. ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂದು ಅದರ ಹೆಸರು. ನೌಕೆಯನ್ನು ಕಟ್ಟಿದವರು ಕೊಲರಾಡೋ ರಾಜ್ಯದ ಒಂದು ಕಂಪನಿಯವರು, ಅದರ ಪಥವನ್ನು ನಿರ್ದೇಶಿಸುತ್ತಿದ್ದವರು ಕ್ಯಾಲಿಫೋರ್ನಿಯಾದ ಪ್ರಯೋಗಾಲಯದವರು. ನೂಕುಬಲದ ಲೆಕ್ಕವನ್ನು ಕಂಪನಿಯ ತಂತ್ರಾಂಶ ಪೌಂಡು ಆಧಾರದ ಮಾನದಲ್ಲಿ ಕೊಟ್ಟಿತು, ಪ್ರಯೋಗಾಲಯದವರು ಅದನ್ನು ನ್ಯೂಟನ್ ಮಾನವೆಂದು ತಿಳಿದು ಬಳಸಿದರು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ಅಂತರ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳದ ಮೇಲ್ಮೈಯಿಂದ 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಾಗಿತ್ತು, ಸಾಗಿದ್ದು ಸುಮಾರು 57 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಗೆ ಅದರ ಕಥೆ ಮುಗಿಯಿತು.

ಮಾನದ ತಪ್ಪು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ತನಿಖಾ ಮಂಡಲಿ ಗುರುತಿಸಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಪಥದಲ್ಲಿ ಏನೋ ಸರಿಯಿಲ್ಲವೆಂಬ ಸಂಶಯ ಪ್ರಯಾಣದ ನಡುವೆಯೇ ಕೆಲವರಿಗೆ ಬಂದಿತ್ತು. ಅದನ್ನು ಅವರು ದೋಷ ದಾಖಲಿಸುವ ವಿಧಿವತ್ತಾದ ಕ್ರಮದಲ್ಲಿ ಬರೆದಿಡಲಿಲ್ಲ. ಮಿಂಚಂಚೆಯ ಓಲೆಗಳಲ್ಲಿ, ಬಾಯಿಮಾತಿನಲ್ಲಿ ಅದು ಸುಳಿದಾಡಿ ಕರಗಿಹೋಯಿತು. ಸಂಶಯಪಟ್ಟವರಿದ್ದರು, ಆ ಸಂಶಯಕ್ಕೆ ಹೊಣೆ ಹೊತ್ತವರು ಇರಲಿಲ್ಲ.

ಇದಕ್ಕಿಂತ ಮನ ಕಲಕುವುದು ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ. 1999ರಿಂದ ಅಲ್ಲಿಯ ಅಂಚೆ ಕಚೇರಿಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಬಳಕೆಗೆ ಬಂದಿತು. ಅದರ ದೋಷದಿಂದ ಇಲ್ಲದ ಖೋತಾ ಲೆಕ್ಕದಲ್ಲಿ ಕಾಣತೊಡಗಿತು. ಊರೂರುಗಳಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಪ್ರಾಮಾಣಿಕರು ಹಣ ಕದ್ದವರೆಂದು ನ್ಯಾಯಾಲಯದ ಕಟಕಟೆ ಹತ್ತಿದರು. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಮನೆ ಮಾರಿದವರಿದ್ದರು, ಸೆರೆಮನೆ ಸೇರಿದವರಿದ್ದರು. 2010ರಲ್ಲಿ ಸೆರೆಗೆ ಹೋದವರಲ್ಲಿ ಭಾರತೀಯ ಮೂಲದ ಗರ್ಭಿಣಿಯೊಬ್ಬಳೂ ಇದ್ದಳು. ತಂತ್ರಾಂಶದಲ್ಲಿ ದೋಷಗಳಿದ್ದುದು ನಿಜವೆಂದು 2019ರ ಡಿಸೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ತೀರ್ಪಿತ್ತಿತು. 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಿ ಅವರನ್ನು ದೋಷಮುಕ್ತಗೊಳಿಸಿತು. ದೋಷಗಳ ಸಂಗತಿ ತಯಾರಕ ಸಂಸ್ಥೆಯ ಒಳಗೆ ಆರಂಭದಿಂದಲೂ ತಿಳಿದಿತ್ತೆಂದು ಅದರ ಮುಖ್ಯಸ್ಥರೊಬ್ಬರು ಅದೇ ವರ್ಷದ ಜನವರಿಯಲ್ಲಿ ವಿಚಾರಣೆಯ ಮುಂದೆ ಒಪ್ಪಿಕೊಂಡರು. ತಿಳಿದವರ ಮಾತು ತಲುಪಬೇಕಾದ ಕಡೆ ತಲುಪಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು!

ನಾಯಕನ ಮೊದಲ ಧರ್ಮ: ಅಭಯ

ಈ ಎರಡು ಪ್ರಕರಣಗಳಿಂದ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಪರೀಕ್ಷಣಾ ತಂಡದ ನಾಯಕ ಸ್ವತಃ ಎಲ್ಲ ದೋಷಗಳನ್ನೂ ಹುಡುಕಬೇಕಾಗಿಲ್ಲ. ದೋಷ ಕಂಡವನು ಹೆದರದೆ ಹೇಳುವಂತೆ ಮಾಡುವುದು, ಹೇಳಿದ ಮಾತು ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು, ಇವೇ ಅವನ ಮುಖ್ಯ ಕೆಲಸ. ಮಿಕ್ಕದ್ದೆಲ್ಲ ಇದಕ್ಕೆ ಪೂರಕ.

ಒಂದೇ ಕಚೇರಿಯಲ್ಲಿದ್ದರೆ ಕಿರಿಯನ ಮುಖ ನೋಡಿಯೇ ಹಿರಿಯನಿಗೆ ಏನೋ ಇದೆಯೆಂದು ತಿಳಿಯುತ್ತದೆ. ಚಹಾ ಕುಡಿಯುವಾಗ ಮಾತು ಹೊರಬರುತ್ತದೆ. ದೂರದ ತಂಡದಲ್ಲಿ ಈ ಅನುಕೂಲವಿಲ್ಲ. ಪರದೆಯ ಮೇಲಿನ ಸಭೆಯಲ್ಲಿ ಹತ್ತು ಜನರ ಎದುರು ಬಾಯಿ ತೆರೆಯಲು ಹೊಸಬರು ಹಿಂಜರಿಯುತ್ತಾರೆ. ಅದರಲ್ಲಿಯೂ ನಮ್ಮ ಭಾಗದ ಮಕ್ಕಳು ಇಂಗ್ಲಿಷಿನ ಸಂಕೋಚದಿಂದ ಕಂಡದ್ದನ್ನೂ ನುಂಗಿಕೊಳ್ಳುವುದುಂಟು. ‘ಹಿರಿಯರು ನೋಡಿರಬೇಕು, ನಾನೇಕೆ ಹೇಳಲಿ’ ಎಂಬ ಸಂಕೋಚ ನಮ್ಮಲ್ಲಿ ವಿನಯವೆನಿಸಿಕೊಂಡಿದೆ. ಪರೀಕ್ಷಣೆಯಲ್ಲಿ ಅದು ವಿನಯವಲ್ಲ, ಅಪಾಯ.

ಆದುದರಿಂದ ನಾಯಕನಾದವನು ಕೆಲವು ರೂಢಿಗಳನ್ನು ಬೆಳೆಸಬೇಕು. ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಅರ್ಧ ಗಂಟೆ ಮಾತನಾಡಬೇಕು. ಆ ಮಾತು ಅವರಿಗೆ ಒಗ್ಗುವ ಭಾಷೆಯಲ್ಲಿರಲಿ. ಕನ್ನಡದಲ್ಲಿ ಹೇಳಿದ ದೋಷವೂ ದೋಷವೇ. ಸಭೆಯಲ್ಲಿ ಕಿರಿಯರಿಂದ ಮೊದಲು ಮಾತನಾಡಿಸಿ ಹಿರಿಯರು ಕೊನೆಗೆ ಮಾತನಾಡಬೇಕು. ಮೊದಲು ಹಿರಿಯ ಮಾತನಾಡಿದರೆ ಉಳಿದವರು ತಲೆಯಾಡಿಸುವುದೇ ಹೆಚ್ಚು. ‘ಎಲ್ಲವೂ ಸರಿಯಿದೆಯೇ?’ ಎಂದು ಕೇಳಿದರೆ ‘ಸರಿಯಿದೆ’ ಎಂಬ ಉತ್ತರವೇ ಬರುತ್ತದೆ. ‘ಈ ವಾರ ನಿನಗೆ ಯಾವುದು ಸಂಶಯವೆನಿಸಿತು?’ ಎಂದು ಕೇಳಬೇಕು. ಹೇಳಿದ ದೋಷ ದೋಷವಲ್ಲವೆಂದು ಗೊತ್ತಾದರೆ ನಗಬಾರದು. ಇಂದು ಒಬ್ಬನನ್ನು ನಕ್ಕರೆ ನಾಳೆ ಐವರು ಸುಮ್ಮನಾಗುತ್ತಾರೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿನೌಕೆ ಚಂದ್ರನ ಮೇಲೆ ಸುರಕ್ಷಿತವಾಗಿ ಇಳಿಯಲಿಲ್ಲ. ಯಾವುದು ಸರಿಹೋಗುತ್ತದೆ ಎಂಬುದರ ಬದಲು ಏನೇನು ಕೆಡಬಹುದು, ಕೆಟ್ಟರೂ ನೌಕೆಯನ್ನು ಉಳಿಸುವ ಬಗೆ ಹೇಗೆ ಎಂಬುದರ ಮೇಲೆ ಮುಂದಿನ ನೌಕೆಯನ್ನು ರೂಪಿಸಿದೆವೆಂದು ಇಸ್ರೊ ಸಂಸ್ಥೆಯ ಅಂದಿನ ಅಧ್ಯಕ್ಷರಾದ ಎಸ್. ಸೋಮನಾಥ್ ತಿಳಿಸಿದ್ದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದರ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ. ಕೆಡುವುದನ್ನು ಮೊದಲೇ ಮಾತನಾಡಿದವರಿಗೆ ಗೆಲುವು ಒಲಿಯಿತು.

ಬಾಯಿಮಾತು ಹಾರಿಹೋಗುತ್ತದೆ, ಬರಹ ನಿಲ್ಲುತ್ತದೆ

ದೂರದ ತಂಡಕ್ಕೆ ಬರವಣಿಗೆಯೇ ಬೆನ್ನೆಲುಬು. ‘ಹಣ ಪಾವತಿ ಆಗುತ್ತಿಲ್ಲ, ದಯವಿಟ್ಟು ನೋಡಿ’ ಎಂದು ಬರೆದರೆ ಆರು ಸಾವಿರ ಮೈಲಿಯಾಚೆ ಓದುವವನಿಗೆ ಏನೂ ತಿಳಿಯದು. ಅವನು ಪ್ರಶ್ನೆ ಕೇಳುವಾಗ ಇಲ್ಲಿ ರಾತ್ರಿ, ಇಲ್ಲಿಂದ ಉತ್ತರ ಹೋಗುವಾಗ ಅಲ್ಲಿ ರಾತ್ರಿ. ಒಂದು ಪ್ರಶ್ನೆಗೆ ಒಂದು ದಿನ ಹಾಳು. ಯಾವ ಫೋನಿನಲ್ಲಿ, ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಯಾವ ಯಾವ ಹೆಜ್ಜೆಗಳ ಅನಂತರ, ಏನಾಗಬೇಕಾಗಿತ್ತು, ಏನಾಯಿತು, ಎಷ್ಟು ಸಲ ಮಾಡಿದರೆ ಎಷ್ಟು ಸಲ ಹಾಗಾಯಿತು — ಇಷ್ಟನ್ನೂ ಬರೆದು ಪರದೆಯ ಚಿತ್ರವನ್ನು ಸೇರಿಸಿದರೆ ಬೇರೆ ಮಾತೇ ಬೇಕಾಗುವುದಿಲ್ಲ. ಜಿರಾ, ಬಗ್‌ಜಿಲ್ಲಾ ಮುಂತಾದ ದಾಖಲಾತಿ ಸಾಧನಗಳಿರುವುದು ಇದಕ್ಕಾಗಿಯೇ. ಸಾಧನ ಯಾವುದಾದರೂ ಇರಲಿ, ದಾಖಲಾಗದ ದೋಷ ತಂಡದ ಪಾಲಿಗೆ ಇಲ್ಲದ ದೋಷ.

ಬರೆಯುವಾಗ ಎರಡು ತೂಕಗಳನ್ನು ಬೇರೆ ಬೇರೆ ಇಡಬೇಕು. ದೋಷ ಎಷ್ಟು ಗಂಭೀರ ಎಂಬುದು ಒಂದು, ಅದನ್ನು ಎಷ್ಟು ಬೇಗ ತಿದ್ದಬೇಕು ಎಂಬುದು ಇನ್ನೊಂದು. ಮೊದಲ ಪುಟದಲ್ಲಿ ಸಂಸ್ಥೆಯ ಹೆಸರೇ ತಪ್ಪಾಗಿ ಅಚ್ಚಾಗಿದ್ದರೆ ಅದರಿಂದ ಯಂತ್ರ ನಿಲ್ಲುವುದಿಲ್ಲ, ಆದರೆ ಇಂದೇ ತಿದ್ದಬೇಕು. ವರ್ಷಕ್ಕೊಮ್ಮೆ ಒಬ್ಬರು ಬಳಸುವ ವರದಿ ತೆರೆದಾಗ ತಂತ್ರಾಂಶ ಕುಸಿದರೆ ಅದು ಗಂಭೀರ, ಆದರೂ ಒಂದು ವಾರ ಕಾಯಬಹುದು. ಗಂಭೀರತೆಯನ್ನು ಪರೀಕ್ಷಕ ತೂಗಿ ಹೇಳುತ್ತಾನೆ. ಆತುರವನ್ನು ವ್ಯವಹಾರ ಬಲ್ಲವರು ನಿರ್ಧರಿಸುತ್ತಾರೆ. ಮೇಲಿನವರ ಒತ್ತಡಕ್ಕೆ ಮಣಿದು ಗಂಭೀರವಾದುದನ್ನು ಸಾಮಾನ್ಯವೆಂದು ತಿದ್ದಿ ಬರೆಯುವ ನಾಯಕ ತನ್ನ ತಂಡದ ನಾಲಿಗೆಯನ್ನು ತಾನೇ ಕತ್ತರಿಸಿದಂತೆ.

ಗಡಿಯಾರದೊಡನೆ ಹೊಂದಾಣಿಕೆ

ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾದಾಗ ಕಲಬುರಗಿಯಲ್ಲಿ ಅವರ ಬೇಸಿಗೆಯ ತಿಂಗಳುಗಳಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಕ್ಯಾಲಿಫೋರ್ನಿಯಾದವರ ಬೆಳಗಿನ 9 ನಮಗೆ ರಾತ್ರಿ 9.30 ಅಥವಾ 10.30. ಅಮೆರಿಕದವರು ಮಾರ್ಚ್ ತಿಂಗಳ ಎರಡನೆಯ ಭಾನುವಾರ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ, ಬ್ರಿಟನ್ನಿನವರು ಅದೇ ತಿಂಗಳ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಮೂರು ದೇಶಗಳ ಸಭೆ ಯಾರಾದರೊಬ್ಬರಿಗೆ ತಪ್ಪಿಹೋಗುವುದು ಖಂಡಿತ. ಬುದ್ಧಿವಂತ ನಾಯಕ ಈ ದಿನಾಂಕಗಳನ್ನು ವರ್ಷದ ಆರಂಭದಲ್ಲಿಯೇ ಪಂಚಾಂಗದ ಹಬ್ಬಗಳಂತೆ ಗುರುತು ಹಾಕಿಡುತ್ತಾನೆ.

ಸಭೆಯ ತೊಂದರೆಯನ್ನು ಒಬ್ಬರೇ ಹೊರಬಾರದು. ಪ್ರತಿಸಲವೂ ಭಾರತದವರೇ ಊಟ ಬಿಟ್ಟು ರಾತ್ರಿ ಕುಳಿತುಕೊಳ್ಳಬೇಕೆಂಬುದು ನ್ಯಾಯವಲ್ಲ. ಒಂದು ವಾರ ಇವರು, ಒಂದು ವಾರ ಅವರು ಎಂದು ಪಾಳಿ ಹಾಕಿಕೊಳ್ಳಬಹುದೆಂದು ನಾಯಕ ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ರೈಲು ನಿಲ್ದಾಣದಲ್ಲಿ ಪಾಳಿ ಬದಲಾಗುವಾಗ ಹೋಗುವವನು ಬರುವವನಿಗೆ ಪುಸ್ತಕದಲ್ಲಿ ಬರೆದು ಅಧಿಕಾರ ಒಪ್ಪಿಸುವಂತೆ, ದಿನದ ಕೊನೆಗೆ ಹತ್ತು ಸಾಲಿನ ಟಿಪ್ಪಣಿಯನ್ನು ಬಿಟ್ಟು ಏಳುವ ರೂಢಿಯಿದ್ದರೆ ಅರ್ಧದಷ್ಟು ಸಭೆಗಳೇ ಬೇಕಾಗುವುದಿಲ್ಲ: ಏನು ಮುಗಿಯಿತು, ಏನು ಉಳಿಯಿತು, ಯಾವುದು ತಡೆದಿದೆ, ಯಾರ ಉತ್ತರ ಬೇಕು.

ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ವೇಳೆ ಬದಲಿಸಿಕೊಳ್ಳುತ್ತವೆ. ಕಮಲಾಪುರದ ಹಳ್ಳಿಯೊಂದರಿಂದ ಕೆಲಸ ಮಾಡುವ ಹುಡುಗಿಗೆ ಮಧ್ಯಾಹ್ನ ವಿದ್ಯುತ್ ಹೋಗುವುದುಂಟು, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವುದುಂಟು. ‘ನೀನೇಕೆ ಕಾಣಿಸಲಿಲ್ಲ?’ ಎಂದು ಗದರಿಸುವ ಬದಲು, ಸಂಪರ್ಕ ಹೋದರೆ ಯಾರಿಗೆ ತಿಳಿಸಬೇಕು, ಅವಳ ಕೆಲಸವನ್ನು ಯಾರು ಮುಂದುವರಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಡುವುದು ನಾಯಕನ ಜಾಣತನ.

ಕಾವಲು ಬೇಡ, ಕಾಳಜಿ ಬೇಕು

ನೌಕರ ಕಣ್ಣಿಗೆ ಕಾಣದಿದ್ದಾಗ ಅನುಮಾನ ಹುಟ್ಟುವುದು ಸಹಜ. ಕೆಲವರು ಗಣಕದ ಕೀಲಿಗಳನ್ನು ಎಷ್ಟು ಸಲ ಒತ್ತಿದನೆಂದು ಎಣಿಸುವ ಸಾಧನಗಳನ್ನು ಹೂಡುತ್ತಾರೆ, ಇನ್ನು ಕೆಲವರು ದಿನಕ್ಕೆ ಎಷ್ಟು ದೋಷ ಹುಡುಕಿದನೆಂದು ಲೆಕ್ಕ ಕೇಳುತ್ತಾರೆ. ಎರಡೂ ದಾರಿ ತಪ್ಪಿಸುವ ಅಳತೆಗಳು. ದೋಷಗಳ ಸಂಖ್ಯೆಗೆ ಬಹುಮಾನವಿಟ್ಟರೆ ಒಂದೇ ದೋಷವನ್ನು ಐದಾಗಿ ಒಡೆದು ಬರೆಯುವವರು ಹುಟ್ಟಿಕೊಳ್ಳುತ್ತಾರೆ, ಎರಡು ದಿನ ತಾಳ್ಮೆಯಿಂದ ಕುಳಿತು ಒಂದು ಆಳವಾದ ದೋಷವನ್ನು ಹೊರತೆಗೆದವನು ಸೋಮಾರಿಯೆನಿಸಿಕೊಳ್ಳುತ್ತಾನೆ. ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ವೇಳೆಗೆ ಆಯಿತೇ, ಬರೆದ ವರದಿ ಸ್ಪಷ್ಟವಾಗಿದೆಯೇ, ಬಳಕೆದಾರರ ಕೈಗೆ ಹೋದ ಮೇಲೆ ಯಾವ ದೋಷಗಳು ಹೊರಬಿದ್ದವು ಎಂಬುದನ್ನು ನೋಡುವುದೇ ನ್ಯಾಯವಾದ ಅಳತೆ. ಹಾಗೆ ಹೊರಬಿದ್ದ ದೋಷಕ್ಕಾಗಿ ಒಬ್ಬರನ್ನು ಕಟಕಟೆಗೆ ನಿಲ್ಲಿಸದೆ, ನಮ್ಮ ಜರಡಿಯ ಯಾವ ಕಣ್ಣು ದೊಡ್ಡದಾಗಿತ್ತೆಂದು ತಂಡವೇ ಕೂಡಿ ವಿಚಾರಿಸಬೇಕು.

ನಂಬಿಕೆಗೆ ಮುಖಾಮುಖಿ ಭೇಟಿಯೂ ಬೇಕು. 2019ರ ನವೆಂಬರಿನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಆರಂಭವಾಯಿತು. ವರ್ಷಕ್ಕೆ ಒಂದೆರಡು ಸಲವಾದರೂ ತಂಡದವರೆಲ್ಲ ಒಂದೆಡೆ ಕೂಡಿ ಊಟ ಮಾಡಿದರೆ ಅನಂತರದ ಆರು ತಿಂಗಳ ಮಾತು ಹಗುರವಾಗುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ ಕೆಲವು ವಾರ ಒಬ್ಬ ಜೊತೆಗಾರನನ್ನು ಗೊತ್ತುಮಾಡಿ, ಸಣ್ಣ ಪ್ರಶ್ನೆಗಳನ್ನೂ ಕೇಳಲು ಅವಕಾಶ ಕೊಡಬೇಕು.

ಮನೆಯವರಲ್ಲಿ ವಿನಂತಿ

ಈಗ ತಂದೆ-ತಾಯಿ, ಅತ್ತೆ-ಮಾವಂದಿರಲ್ಲಿ ಕೆಲವು ಮಾತು. ಮನೆಯಲ್ಲಿ ಕುಳಿತು ಮಾಡುವ ಕೆಲಸ ಬಿಡುವಿನ ಕೆಲಸವಲ್ಲ. ಸಭೆಯ ನಡುವೆ ‘ಸ್ವಲ್ಪ ಗ್ಯಾಸ್ ಸಿಲಿಂಡರ್ ನೋಡು’ ಎಂದು ಕರೆದರೆ ಕಚೇರಿಯಲ್ಲಿದ್ದವನನ್ನು ಬಸ್ಸು ಹತ್ತಿಸಿ ಕರೆಸಿದಂತೆಯೇ. ಒಂದು ಕೋಣೆ ಸಾಧ್ಯವಿಲ್ಲದಿದ್ದರೆ ಒಂದು ಮೂಲೆ, ಒಂದು ಗಟ್ಟಿಯಾದ ಮೇಜು, ಬೆನ್ನಿಗೆ ಆಧಾರ ಕೊಡುವ ಕುರ್ಚಿ ಇರಲಿ. ವಿದ್ಯುತ್ ಹೋದಾಗ ನಡೆಯುವ ಬ್ಯಾಟರಿಯ ವ್ಯವಸ್ಥೆ ಖರ್ಚಲ್ಲ, ರೈತನಿಗೆ ಕೂರಿಗೆಯಿದ್ದಂತೆ ಅದು ದುಡಿಮೆಯ ಸಾಧನ.

ಇನ್ನೊಂದು ಸೂಕ್ಷ್ಮ ಸಂಗತಿ. ಸಂಸ್ಥೆಯ ಗಣಕಯಂತ್ರವನ್ನು ಮಕ್ಕಳ ಆಟಕ್ಕೆ, ಬಂಧುಗಳ ಟಿಕೆಟ್ ಕಾಯ್ದಿರಿಸಲು ಕೊಡಬಾರದು. ಅದರಲ್ಲಿ ಬೇರೆಯವರ ಬ್ಯಾಂಕು, ಆಸ್ಪತ್ರೆಗಳ ಗುಟ್ಟುಗಳಿರಬಹುದು. ಪರೀಕ್ಷೆಗೆ ನಿಜವಾದ ಗ್ರಾಹಕರ ಹೆಸರು, ಸಂಖ್ಯೆಗಳನ್ನು ಬಳಸದೆ ಕಲ್ಪಿತ ಮಾಹಿತಿಯನ್ನು ಬಳಸುವುದೇ ಸರಿಯಾದ ಕ್ರಮ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೂ ಆಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಮುಖ್ಯ. ಮದುವೆಯಾದ ಮೇಲೆ, ಮಗುವಾದ ಮೇಲೆ ಬೆಂಗಳೂರಿನ ನೌಕರಿ ಬಿಟ್ಟು ಬಂದ ಎಷ್ಟೋ ಜಾಣೆಯರ ವಿದ್ಯೆ ಅಡಿಗೆಮನೆಯ ಅಟ್ಟ ಸೇರಿದೆ. ದೂರದಿಂದ ಮಾಡುವ ಕೆಲಸ ಅವರಿಗೆ ಮತ್ತೆ ಬಾಗಿಲು ತೆರೆದಿದೆ. ಆದರೆ ಸಂಜೆ 7.30ಕ್ಕೆ ಸೊಸೆ ಹತ್ತು ಜನರ ತಂಡದ ಸಭೆ ನಡೆಸಬೇಕಾದಾಗ ರೊಟ್ಟಿ ಬಡಿಯುವ ಹೊತ್ತೂ ಅದೇ ಆಗಿದ್ದರೆ ಒಂದನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು. ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋಗುವ ಮಾವ, ‘ನೀನು ಕೆಲಸ ನೋಡು, ಒಲೆ ನಾನು ನೋಡುತ್ತೇನೆ’ ಎನ್ನುವ ಅತ್ತೆ ಆ ತಂಡದ ಕಾಣದ ಸದಸ್ಯರು. ಕಾಯಕದಲ್ಲಿ ಹೆಚ್ಚು ಕಡಿಮೆಯಿಲ್ಲವೆಂದು ನಂಬಿದ ಮನೆಗಳಲ್ಲಿ ಇದು ಕಷ್ಟವಾಗಬಾರದು.

ಯುವಕರಿಗೆ ಎರಡು ಮಾತು

ಈ ಕ್ಷೇತ್ರಕ್ಕೆ ಬರಬೇಕೆಂಬ ತರುಣ-ತರುಣಿಯರಿಗೆ ಗಣಕ ವಿಜ್ಞಾನದ ಪದವಿಯೊಂದೇ ದಾರಿಯಲ್ಲ. ಗಮನ, ತಾಳ್ಮೆ, ಸ್ಪಷ್ಟವಾಗಿ ಬರೆಯುವ ಶಕ್ತಿ ಇದ್ದವರು ಕಲಿಯಬಲ್ಲರು. 2002ರಲ್ಲಿ ಸ್ಥಾಪನೆಯಾದ ಐಎಸ್‌ಟಿಕ್ಯೂಬಿ ಎಂಬ ಅಂತರರಾಷ್ಟ್ರೀಯ ಮಂಡಲಿಯ ಪ್ರಾಥಮಿಕ ಪರೀಕ್ಷೆ ಅಡಿಪಾಯಕ್ಕೆ ಒಳ್ಳೆಯದು. ಒಂದೇ ಪರೀಕ್ಷೆಯನ್ನು ಸಾವಿರ ಸಲ ಯಂತ್ರದಿಂದಲೇ ಮಾಡಿಸುವ ಸೆಲೇನಿಯಂನಂತಹ ಸಾಧನಗಳನ್ನೂ ಕಲಿಯಬೇಕು. ನೌಕರಿ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿರಿ ಎನ್ನುವವರನ್ನು ಮಾತ್ರ ಬಾಗಿಲಿನಿಂದಲೇ ಕಳುಹಿಸಬೇಕು. ನಿಜವಾದ ಸಂಸ್ಥೆ ಸಂಬಳ ಕೊಡುತ್ತದೆಯೇ ಹೊರತು ಹಣ ಕೇಳುವುದಿಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಪರೀಕ್ಷಕರು ಬೇಕೇ ಎಂಬ ಪ್ರಶ್ನೆ ಅನೇಕ ಮನೆಗಳನ್ನು ಕಾಡುತ್ತಿದೆ. ಪರೀಕ್ಷೆಯ ಪಟ್ಟಿಯನ್ನು ಯಂತ್ರ ಬರೆದುಕೊಡಬಲ್ಲದು, ಪರದೆಗಳನ್ನು ಹೋಲಿಸಬಲ್ಲದು. ಯಾಂತ್ರಿಕವಾದ ಕೆಲಸ ಕಡಿಮೆಯಾಗುವುದು ದಿಟ. ಆದರೆ ‘ಇದು ಜನರಿಗೆ ತೊಂದರೆ ಮಾಡುತ್ತದೆ, ಇದನ್ನು ಹೊರಗೆ ಬಿಡಬೇಡಿ’ ಎಂದು ಹೆಸರು ಹಾಕಿ ಹೇಳುವ ಹೊಣೆಯನ್ನು ಯಂತ್ರ ಹೊರುವುದಿಲ್ಲ. ಯಂತ್ರ ರಚಿಸಿದ ತಂತ್ರಾಂಶ ಹೆಚ್ಚಿದಷ್ಟೂ ಅದನ್ನು ಸಂಶಯದಿಂದ ನೋಡುವ ಮನುಷ್ಯನ ಕಣ್ಣಿಗೆ ಬೆಲೆ ಹೆಚ್ಚೀತು.

ಬ್ರಿಟನ್ನಿನ ಆ ಅಂಚೆಯವರಿಗೆ ತಮ್ಮ ಲೆಕ್ಕದ ತಂತ್ರಾಂಶವನ್ನು ಯಾರು ಪರೀಕ್ಷಿಸಿದರು ಎಂಬುದು ಗೊತ್ತಿರಲಿಲ್ಲ. ನಮ್ಮ ಮಕ್ಕಳು ಪರೀಕ್ಷಿಸಿದ ತಂತ್ರಾಂಶವನ್ನು ಬಳಸುವವರಿಗೂ ಜೇವರ್ಗಿ ಕಾಲೋನಿ ಎಲ್ಲಿದೆಯೆಂಬುದು ತಿಳಿಯದು. ಪಿಂಚಣಿ ಪಡೆಯುವ ವೃದ್ಧರು, ಬೆಳೆವಿಮೆಗೆ ಅರ್ಜಿ ಹಾಕಿದ ರೈತರು, ಔಷಧದ ಪ್ರಮಾಣವನ್ನು ಪರದೆಯಲ್ಲಿ ನೋಡುವ ದಾದಿಯರು, ಇವರೆಲ್ಲ ನಮ್ಮ ಮಕ್ಕಳನ್ನು ಕಾಣದೆಯೇ ನಂಬಿದ್ದಾರೆ. ಕಾಣದವರ ನಂಬಿಕೆಗೆ ತಪ್ಪದೆ ನಡೆಯುವುದು ಯಾವ ಕಾಲದಲ್ಲಿಯೂ ಸತ್ಯಶುದ್ಧ ದುಡಿಮೆಯ ಲಕ್ಷಣ. ತಂಡ ದೂರವಿರಬಹುದು, ಹೊಣೆ ಮಾತ್ರ ನಮ್ಮ ಮನೆಯ ಮೇಜಿನ ಮೇಲೆಯೇ ಇದೆ. ಇನ್ನು ಮುಂದೆ ನೆರೆಯವರು ‘ನಿಮ್ಮ ಮಗ ಏನು ಮಾಡುತ್ತಾನೆ?’ ಎಂದು ಕೇಳಿದರೆ ತಾಯಂದಿರು ಧೈರ್ಯದಿಂದ ಹೇಳಬಹುದು: ‘ನಾಲ್ಕು ಜನರಿಗೆ ತೊಂದರೆಯಾಗದಂತೆ ಹರಳು ಆರಿಸುತ್ತಾನೆ, ಆರಿಸುವವರಿಗೆ ಧೈರ್ಯ 
ಕೊಡುತ್ತಾನೆ.’